‘ನಾಲ್ಕನೇ ನಿಮಿಷ’ ಧಾರಾವಾಹಿಯ ಆಂಬುಲೆನ್ಸಿನವರಿಗೆ ಮಾವಳ್ಳಿಯಿಂದ ಒಂದು ದೂರು

ಮಾನ್ಯ ಆಂಬುಲೆನ್ಸ್ ಅವರೇ,

ಕೆಂಪು ದೀಪದಿಂದ ಟಯರಿನವರೆಗೆ ತಮ್ಮ ಸರ್ವಾಂಗಕ್ಕೂ ಮಾವಳ್ಳಿಯ ಮೀನುಗಾರ ಭಾಸ್ಕರ ಮೊಗೇರನ ನಮಸ್ಕಾರಗಳು. ತಾವು ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಎಂಟಕ್ಕೆ ನಮ್ಮ ಟಿವಿಯಲ್ಲಿ ಜೀವ ಉಳಿಸುತ್ತಿದ್ದೀರಿ, ಶನಿವಾರ, ಭಾನುವಾರ ಯಾರಿಗೂ ಏನೂ ಆಗದಂತೆ ನೋಡಿಕೊಳ್ಳುತ್ತಿದ್ದೀರಿ. ಇದಕ್ಕಾಗಿ ತಾಲೂಕಿನ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ.

ಮೊದಲು ತಮ್ಮನ್ನು ನೋಡುತ್ತಿದ್ದವಳು ನನ್ನ ಹೆಂಡತಿ ಸುಬ್ಬಿ. ಮನೆಮನೆಗೆ ಮೀನು ಮಾರಿ ಬಂದು, ಬುಟ್ಟಿ ತೊಳೆದಿಟ್ಟು ಕೂರುತ್ತಿದ್ದಳು. ಇದೆಂಥ ಹುಚ್ಚು ಎಂದು ನಗುತ್ತಿದ್ದ ನಾನು ಮೂರನೇ ವಾರಕ್ಕೆ ಅವಳಿಗಿಂತ ಮುಂಚೆ ಹೋಗಿ ಕೂರತೊಡಗಿದೆ. ತಾವು ಹೋಗುವ ರಸ್ತೆಯಲ್ಲಿ ಒಂದು ದನವೂ ಮಲಗಿರುವುದಿಲ್ಲ, ಒಬ್ಬ ಡ್ರೈವರನೂ ದಾರಿ ಕೇಳುವುದಿಲ್ಲ, ಜಾಹೀರಾತು ಬರುವುದರೊಳಗೆ, ಸರಿಯಾಗಿ ನಾಲ್ಕನೇ ನಿಮಿಷಕ್ಕೆ, ತಾವು ಬಂದೇ ಬಿಡುತ್ತೀರಿ. ನಲವತ್ತೊಂದನೇ ಕಂತಿನಲ್ಲಿ ತಮ್ಮನ್ನು ಓಡಿಸುವ ಕ್ಯಾಪ್ಟನ್ ಸಾಹೇಬರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈ ಎತ್ತಿ, ರೋಗಿಯನ್ನು ಯಾರೂ ಅಲುಗಾಡಿಸಬಾರದು, ನಾವು ಬರುತ್ತಿದ್ದೇವೆ ಎಂದು ಅಪ್ಪಣೆ ಕೊಟ್ಟದ್ದನ್ನು ನಾನು ಬಾಯಿಪಾಠ ಮಾಡಿಕೊಂಡೆ.

ಹೋದ ತಿಂಗಳು ಒಂದು ಬೆಳಿಗ್ಗೆ ಸುಬ್ಬಿ ಅಂಗಳದಲ್ಲಿ ಬಂಗುಡೆ ಹೆಚ್ಚುತ್ತಿದ್ದವಳು ಎದೆ ಹಿಡಿದುಕೊಂಡು ಹಾಗೇ ಒರಗಿದಳು. ತಮಗೆ ತಿಳಿದಿರಲಾರದು, ನಮ್ಮ ಕೇರಿಯಲ್ಲಿ ಯಾರು ಬಿದ್ದರೂ ಮೀನಿನ ಟೆಂಪೋದಲ್ಲೇ ಸಾಗಿಸುವುದು ಅಪ್ಪನ ಕಾಲದಿಂದ ಬಂದ ರೂಢಿ. ಪಕ್ಕದ ಮನೆಯ ಸೋಮ ಐಸಿನ ಪೆಟ್ಟಿಗೆಗಳನ್ನು ಆಗಲೇ ಇಳಿಸಿ, ಟೆಂಪೋ ಸ್ಟಾರ್ಟ್ ಮಾಡಿ, ಚಾಪೆ ಹಾಸಿಯೂ ಆಗಿತ್ತು. ನಾನು ಕ್ಯಾಪ್ಟನ್ ಸಾಹೇಬರಂತೆಯೇ ಕೈ ಎತ್ತಿ ಅವನನ್ನು ತಡೆದೆ. ನೆರೆದವರನ್ನು ಗಾಳಿ ಬಿಡಿ ಎಂದು ಗದರಿ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಫೋನಿನಲ್ಲಿ ಮಾತಾಡಿದ ಹುಡುಗಿ ಬಹಳ ವಿನಯದಿಂದ, ಹತ್ತಿರದ ಗಾಡಿ ಒಂದು ಹೆರಿಗೆ ಕೇಸ್ ಹಿಡಿದು ಹೊನ್ನಾವರಕ್ಕೆ ಹೋಗಿದೆ, ಇನ್ನೊಂದು ಕುಮಟೆಯಿಂದ ಹೊರಡಬೇಕು ಎಂದಳು. ಅವಳು ಸುಳ್ಳು ಹೇಳಲಿಲ್ಲ. ನಾನು ಮಾತ್ರ ತಮ್ಮನ್ನೇ ನಂಬಿ ಗಡಿಯಾರ ನೋಡುತ್ತ ನಿಂತೆ.

“ಭಾಸ್ಕರಣ್ಣ, ಎಂತ ಕಾಯೂದು? ಹೋಗ್ವಾ” ಎಂದು ಸೋಮ ಮೂರು ಸಲ ಹೇಳಿದ. ಕೊನೆಗೆ ಸುಬ್ಬಿಯೇ ಕಣ್ಣು ಬಿಟ್ಟು, “ಅದು ಟಿವಿಯಾಗೆ ಬರೂದು. ಟೆಂಪೋಕ್ಕೆ ಹತ್ಸಿ ನನ್ನ” ಎಂದಳು. ಅಷ್ಟರಲ್ಲಿ ಹತ್ತೊಂಬತ್ತು ನಿಮಿಷ ಕಳೆದಿತ್ತು.

ಸೋಮ ಹಾರ್ನ್ ಮೇಲಿನ ಕೈ ತೆಗೆಯದೆ ಪಕ್ಕದ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದ. ಸುಬ್ಬಿ ಉಳಿದಳು. ಇನ್ನು ಬುಟ್ಟಿ ಹೊರುವಂತಿಲ್ಲ, ಸ್ವಲ್ಪ ಮೊದಲೇ ತಂದಿದ್ದರೆ ಹೃದಯ ಇಷ್ಟು ಕೆಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ತಡೆದವನು ನಾನೆಂದು ಸೋಮ ಅವರಿಗೆ ಹೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ ಏನೆಂದರೆ, ಒಂದೇ ಒಂದು ಕಂತಿನಲ್ಲಿ ತಾವು ದಯವಿಟ್ಟು ತಡವಾಗಿ ಬರಬೇಕು, ಸಾಧ್ಯವಾದರೆ ಬರಲೇಬಾರದು. ತಮ್ಮ ಬದಲು ಮೀನಿನ ಟೆಂಪೋವೊಂದು ಬಂದು ರೋಗಿಯನ್ನು ಒಯ್ಯಲಿ, ಐಸಿನ ನೀರು ಸೋರಲಿ, ಕ್ಯಾಪ್ಟನ್ ಸಾಹೇಬರು ಹಿಂದೆ ಕೂತು ರೋಗಿಯ ತಲೆ ಹಿಡಿದುಕೊಳ್ಳಲಿ. ಇದು ಅಸಾಧ್ಯವಾದರೆ, ತಾವು ಖುದ್ದಾಗಿ ಮಾವಳ್ಳಿಗೆ ಬಂದು ಆ ಹತ್ತೊಂಬತ್ತು ನಿಮಿಷವನ್ನು ವಾಪಸು ಕೊಟ್ಟು ಹೋಗಬೇಕು. ತಪ್ಪು ತಮ್ಮದಲ್ಲವೆಂದು ನನಗೆ ಗೊತ್ತಿದೆ. ತಡೆದ ಕೈ ನನ್ನದು. ಆದರೆ ನನಗೆ ನಾನೇ ದೂರು ಬರೆದುಕೊಳ್ಳಲು ಧೈರ್ಯ ಸಾಲದೆ ತಮಗೆ ಬರೆದಿದ್ದೇನೆ.

ಇಂತಿ, ಒಂದು ಕಂತನ್ನೂ ತಪ್ಪಿಸದ
ತಮ್ಮ ವಿಶ್ವಾಸಿ,
ಭಾಸ್ಕರ ಮೊಗೇರ

ವಿ.ಸೂ.: ಸುಬ್ಬಿ ಈಗಲೂ ತಮ್ಮನ್ನು ನೋಡುತ್ತಾಳೆ. ಸೋಮನ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಟಿವಿಯ ಗಾಜಿನ ಮೇಲೆಯೇ ಅಂಟಿಸಿದ್ದಾಳೆ. ತಾವು ಬರುವುದು ಅದರ ಹಿಂದಿನಿಂದ ಅರ್ಧ ಮಾತ್ರ ಕಾಣುತ್ತದೆ. ನಾನು ಅದನ್ನು ಕೀಳಲಿಲ್ಲ, ಕ್ಷಮಿಸಬೇಕು.