ಶಾಂತಿ ದಿನಕ್ಕೆ ನಾನು ತೆಗೆದ ನೂಲು

ದಾವಣಗೆರೆಯಲ್ಲಿ ಹುಟ್ಟಿ, ಹತ್ತಿ ಗಾಡಿಗಳ ಧೂಳು ಕುಡಿದು ಬೆಳೆದವನಿಗೆ ನೂಲು ತೆಗೆಯುವುದು ಯಾವ ಮಹಾ ಕೆಲಸ? ನಾನಾಗ ಹರಿಹರದ ಶಾಲೆಯೊಂದರಲ್ಲಿ ಮೇಷ್ಟ್ರು. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ವಿಶ್ವಶಾಂತಿ ಮತ್ತು ಅಹಿಂಸೆಯ ದಿನ ಆಚರಿಸಬೇಕೆಂದು ಹೆಡ್‌ಮಾಸ್ತರರು ಹೇಳಿದ್ದೇ ತಡ, ಎದ್ದು ನಿಂತು ಘೋಷಿಸಿಬಿಟ್ಟೆ.

"ಅತಿಥಿಗಳಿಗೆ ಹಾಕೋ ನೂಲಿನ ಹಾರ ನನ್ನ ಕೈಯಿಂದ್ಲೇ ಆಗ್ಲಿ ಸಾರ್!"

"ಭೇಷ್ ಮೇಷ್ಟ್ರೆ! ಬರೋರು ಮೂವತ್ತು ವರ್ಷದಿಂದ ನೂಲ್ತಿರೋ ಹಿರೇರು. ಬೆರಳಾಗೆ ಮುಟ್ಟಿದ್ರೆ ಸಾಕು, ಯಾವ ನೂಲು ಅಂತ ಹೇಳ್ತಾರೆ."

ಇದನ್ನು ಅವರು ಮೊದಲೇ ಹೇಳಬಹುದಿತ್ತು.

ಸಂಜೆ ಹತ್ತಿಯ ಹಂಜಿ, ನೂಲುವ ತಕಲಿ ಹಿಡಿದು ಪಡಸಾಲೆಯಲ್ಲಿ ಕುಳಿತೆ. ತಕಲಿ ತಿರುಗಿಸಿದೆ, ಎಳೆ ಹರಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದೆ, ಮತ್ತೆ ಹರಿಯಿತು. ನಾಲ್ಕನೆಯ ದಿನ ತಕಲಿಯ ಮೊನೆ ಕಾಲ ಹೆಬ್ಬೆರಳಿಗೇ ಬಿತ್ತು. ಸಿಟ್ಟಿನಿಂದ ಬೀಸಿ ಎಸೆದೆ. ಅದು ನೀರಿನ ಮಡಕೆಯನ್ನು ಒಡೆದು ಮೂಲೆ ಸೇರಿತು!

"ಅಹಿಂಸೆ ದಿನಕ್ಕೆ ಇಷ್ಟೊಂದು ಹಿಂಸೆ ಯಾಕ್ರೀ?" ಎಂದಳು ಹೆಂಡತಿ ಗೌರಮ್ಮ, ನೀರು ಬಳಿಯುತ್ತಾ.

"ನಿನಗೇನು ಗೊತ್ತಾಗ್ತೈತೆ? ಸುಮ್ನಿರು!"

ಅವಳು ಮಡಕೆಯ ಚೂರುಗಳ ಜೊತೆ ತಕಲಿಯನ್ನೂ ಎತ್ತಿಕೊಂಡು ಒಳಗೆ ಹೋದಳು. ನಾನು ಪೇಟೆಗೆ ಹೋಗಿ ಗುಟ್ಟಾಗಿ ಗಿರಣಿ ನೂಲಿನ ಲಡಿ ತಂದೆ. ಅದನ್ನೇ ಹಾರ ಮಾಡಿ, ಕಾಗದದಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟೆ.

ಆ ದಿನ ಬಂತು. ಪೊಟ್ಟಣ ಬಿಚ್ಚಿದ್ದು ಹೆಡ್‌ಮಾಸ್ತರರು, ಹಾರ ಹಾಕಿದ್ದೂ ಅವರೇ. ನನಗೆ ಅತ್ತ ನೋಡುವ ಧೈರ್ಯವೇ ಇರಲಿಲ್ಲ. ಹಿರಿಯರು ಹಾರವನ್ನು ಬೆರಳಲ್ಲಿ ಹೊಸೆದು, ಕನ್ನಡಕ ಏರಿಸಿಕೊಂಡು ಕೇಳಿದರು.

"ಈ ನೂಲು ಯಾರ್ದು?"

ಹಾರಕ್ಕೂ ಮೊದಲು ಹೆಡ್‌ಮಾಸ್ತರರು ಸತ್ಯ, ಅಹಿಂಸೆ ಎಂದು ಮಾಡಿದ ಅರ್ಧ ಗಂಟೆ ಭಾಷಣ ಕೇಳಿ ಕರಗಿಹೋಗಿದ್ದೆ. ಕೆಲಸ ಹೋದರೂ ಸರಿ ಎಂದುಕೊಂಡು ಕೈಮುಗಿದೆ.

"ತಪ್ಪಾಯ್ತು ಸ್ವಾಮಿ! ನಾನು ನೂತಿದ್ದಲ್ಲ. ಗಿರಣಿ ನೂಲದು!"

ಹಿರಿಯರು ನಗತೊಡಗಿದರು.

"ಇಂಥಾ ನೂಲು ತೆಗೆದ್ರೆ ಆ ಗಿರಣಿ ಎರಡೇ ದಿನಕ್ಕೆ ಮುಚ್ಚಿ ಹೋಗ್ತೈತ್ರಿ! ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅಪ್ಪಟ ಕೈನೂಲು. ಎಂಥಾ ವಿನಯ ಮೇಷ್ಟ್ರೆ ನಿಮ್ದು!"

ಚಪ್ಪಾಳೆಯೋ ಚಪ್ಪಾಳೆ! ಆಗ ತಲೆಯೆತ್ತಿ ನೋಡಿದೆ. ಅದು ನನ್ನ ಹಾರವೇ ಅಲ್ಲ. ಹೋದ ಜೀವ ಬಂದಂತಾಯಿತು, ಆದರೆ ಏನಾಯಿತೆಂದೇ ತಿಳಿಯಲಿಲ್ಲ.

ಸಿಕ್ಕ ರೈಲು ಹತ್ತಿ ಮನೆಗೆ ಓಡಿ ಬಂದೆ. ಗೌರಮ್ಮ ಕೌದಿ ಹೊಲಿಯುತ್ತಿದ್ದಳು, ನನ್ನ ಗಿರಣಿ ನೂಲಿನಲ್ಲಿ!

"ಸುಳ್ಳು ನೂಲು ಹಿಡ್ಕೊಂಡು ಹೋದ್ರೆ ಮಾನ ಹೋಗ್ತಿತ್ತು. ಅದಕ್ಕೇ ಬದಲಿಸಿದೆ. ನೀವು ಎಸೆದ ತಕಲಿಯಾಗೇ ಮಧ್ಯಾಹ್ನ ಮಧ್ಯಾಹ್ನ ನೂತೆ. ನಮ್ಮ ತವರು ಕೊಕ್ಕನೂರಾಗೆ ನಮ್ಮಜ್ಜಿ ಕಲಿಸಿದ್ಲು."

"ಮೊದ್ಲೇ ಹೇಳಬಾರದಿತ್ತಾ?"

"ಸುಮ್ನಿರು ಅಂದ್ರಲ್ಲ!"

ಮರುದಿನ ಹೆಡ್‌ಮಾಸ್ತರರು ಮಕ್ಕಳಿಗೆ ನೂಲುವುದನ್ನು ಕಲಿಸುವ ಭಾರ ನನಗೇ ಹೊರಿಸಿದರು. ಇದ್ದದ್ದು ಇದ್ದಂತೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಗೌರಮ್ಮನನ್ನೇ ಕರೆಸಿದರು. ಶನಿವಾರ ಶನಿವಾರ ಅವಳು ಪಾಠ ಮಾಡುತ್ತಿದ್ದಳು, ನಾನು ಕೊನೆಯ ಬೆಂಚಿನ ವಿದ್ಯಾರ್ಥಿ. ನನ್ನ ಎಳೆ ಕೊನೆಯವರೆಗೂ ಹರಿಯುತ್ತಲೇ ಇತ್ತು. ಆದರೆ ತಕಲಿ ಎಸೆಯುವುದನ್ನು ಬಿಟ್ಟೆ. ವಿಶ್ವಶಾಂತಿಗೆ ನನ್ನ ಕಾಣಿಕೆ ಅಷ್ಟೇ!