ಕೊಳಾಲದ ರಾಜನ ಡಿಸ್ಕು

ಡಿವಿಡಿ ಕಾಲ ಮುಗಿಯಿತು ಅನ್ನುವವರನ್ನು ತಂದು ಒಂದು ವಾರ ಮಧುಗಿರಿಯ ನನ್ನ ಅಂಗಡಿಯಲ್ಲಿ ಕೂರಿಸಬೇಕು. ಮೊದಲು ನಾನು ಕೊರಟಗೆರೆಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳಿಗೆ ಹಾಡು, ಎಫೆಕ್ಟು ಸೇರಿಸಿ ಮಿಕ್ಸಿಂಗ್ ಮಾಡುತ್ತಿದ್ದೆ. ಅದು ಮುಚ್ಚಿದ ಮೇಲೆ ಇಲ್ಲಿ ರಿಪೇರಿ ಅಂಗಡಿ ಇಟ್ಟೆ. ಅಂದಿನಿಂದ ನಾಲ್ಕು ತಾಲ್ಲೂಕಿನ ಡಿವಿಡಿ ಪ್ಲೇಯರುಗಳೂ ಬಸ್ಸು ಹತ್ತಿ ನನ್ನ ಮೇಜಿಗೇ ಬರುತ್ತಿವೆ. ಅವುಗಳಲ್ಲಿ ನಿಜವಾಗಿ ಕೆಟ್ಟಿರುವುದು ಅಪರೂಪ. ಮಿಕ್ಕಿದ್ದೆಲ್ಲ ತಂದವರ ತಲೆಯ ದೋಷ. ಬುದ್ಧಿ ಒಂದನ್ನು ಬಿಟ್ಟು ಬೇರೆಲ್ಲ ಸ್ಪೇರ್ ಪಾರ್ಟೂ ನನ್ನ ಹತ್ತಿರ ಇದೆ.

೧. ರುಜು ಇಲ್ಲದ ಪತ್ರ

ಒಂದು ಸೋಮವಾರ ಕೊಳಾಲದ ಕಡೆಯ ಯಜಮಾನರೊಬ್ಬರು ಟವೆಲಿನಲ್ಲಿ ಸುತ್ತಿದ ಒಂದು ಡಿಸ್ಕು ತಂದರು. ಬಹಳ ವರ್ಷದ ಹಿಂದೆ ಅವರ ಊರಲ್ಲಿ ಆಡಿದ ಪೌರಾಣಿಕ ನಾಟಕದ ವಿಡಿಯೋ ಅದು. ಅದರಲ್ಲಿ ಇವರದು ರಾಜನ ಪಾರ್ಟು, ಇವರ ಭಾವಮೈದನದು ಮಂತ್ರಿ ಪಾರ್ಟು. ಈ ವರ್ಷ ಅದೇ ನಾಟಕವನ್ನು ಎರಡು ದಿನ ಆಡುತ್ತಾರಂತೆ. ಈ ಸಲ ರಾಜ ನಾನೇ ಆಗಬೇಕು ಅಂತ ಭಾವಮೈದ ಪಟ್ಟು ಹಿಡಿದಿದ್ದಾನೆ. ಆವತ್ತು ಆಸ್ಥಾನದ ಸೀನಿನಲ್ಲಿ ಭಾವ ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟ, ಪರದೆ ಹಿಂದಿನಿಂದ ಹಾರ್ಮೋನಿಯಂ ಮೇಷ್ಟ್ರು ಮೂರು ಸಲ ಮಾತು ಎತ್ತಿಕೊಟ್ಟರೂ ಬಾಯಿ ಬಿಡಲಿಲ್ಲ ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

"ಮರ್ತಿರ್ಲಿಲ್ಲ ಕಣಣ್ಣ, ಗತ್ತಿಗೆ ನಿಂತಿದ್ದೆ. ಆಮೇಲೆ ಗುಡುಗಿದೆ" ಅಂದರು ಯಜಮಾನರು. "ಎಲ್ಲಾ ಈ ಡಿಸ್ಕಲ್ಲೈತೆ. ಭಾನ್ವಾರ ಸಂಜೆ ಪಾರ್ಟು ಹಂಚ್ತಾರೆ. ಅಷ್ಟ್ರೊಳಗೆ ಅವನ ಮುಖಕ್ಕೆ ತೋರಿಸ್ಬುಡಬೇಕು."

ತೋರಿಸಬೇಕಾದರೆ ಡಿಸ್ಕು ಓಡಬೇಕಲ್ಲ. ಕೈಗೆ ಬಂದ ದಿನದಿಂದ ಅದು ಯಾವ ಪ್ಲೇಯರಿನಲ್ಲೂ ಓಡಿಲ್ಲ. ಇವರು ಅದಕ್ಕೋಸ್ಕರ ಎರಡು ಪ್ಲೇಯರ್ ಬದಲಾಯಿಸಿದ್ದರು. ನಾಟಕದ ಮಿಕ್ಕವರು ಬುದ್ಧಿವಂತರು, ತಮ್ಮ ಡಿಸ್ಕುಗಳನ್ನು ಅವರೆಕಾಯಿ ಹೊಲದಲ್ಲಿ ಹಕ್ಕಿ ಓಡಿಸೋಕೆ ಕಟ್ಟಿದ್ದರು. ನಾನು ಹಾಕಿದಾಗಲೂ 'ನೋ ಡಿಸ್ಕ್' ಅಂತಲೇ ಬಂತು. ತಿರುಗಿಸಿ ನೋಡಿದೆ. ಬರೆದಿದ್ದ ಗುರುತೇನೋ ಇತ್ತು, ಆದರೆ ಬರೆದವನು ಕೊನೆಯಲ್ಲಿ ಫೈನಲೈಸ್ ಮಾಡಿರಲಿಲ್ಲ. ಪತ್ರವೆಲ್ಲ ಬರೆದು ರುಜು ಹಾಕದೆ ಬಿಟ್ಟ ಹಾಗೆ. ಅಂಥ ಡಿಸ್ಕು ಅದನ್ನು ಬರೆದ ಮಿಷನ್ನಿನಲ್ಲಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ.

ಮಾಡಿದವನು ಯಾರು ಅಂತ ಕೇಳಿದೆ. ಕ್ಯಾಮೆರಾದವನು ಎಲ್ಲಿಂದಲೋ ಬಂದಿದ್ದ, ಡಿಸ್ಕು ಎಲ್ಲಿ ಮಾಡಿಸಿದನೋ ಯಾರಿಗೂ ಗೊತ್ತಿಲ್ಲವಂತೆ. ಯಾರೇ ಆಗಲಿ, ಮಾಡಿದವನು ಶುದ್ಧ ಕತ್ತೆ ಅಂದೆ. ಯಜಮಾನರು ಆ ಮಾತಿಗೆ ತಲೆದೂಗಿ ಎದ್ದರು.

"ಡಿಸ್ಕು ಇಲ್ಲೇ ಇರ್ಲಿ ಕಣಣ್ಣ. ಆ ಕತ್ತೆ ಸಿಕ್ಕಿದ್ರೆ ಕಟ್ಟಾಕಿರು, ಭಾನ್ವಾರ ಬತ್ತೀನಿ."

೨. ಥಿಯರಿ

ಮಾರನೆಯ ದಿನ ನಮ್ಮ ಊರಿನವರೇ ಆದ ರಿಟೈರ್ಡ್ ಮೇಷ್ಟ್ರು ಬಂದರು. ವಿಜ್ಞಾನ ಪಾಠ ಮಾಡಿದವರು. ಡಿಸ್ಕು ನಿಂತು ನಿಂತು ಓಡುತ್ತೆ, ಪ್ಲೇಯರ್ ಕೆಟ್ಟಿದೆ ಅಂದರು. ಡಿಸ್ಕು ಈಚೆ ತೆಗೆದರೆ ಮೈತುಂಬ ಗೀರು. ಏನು ಮಾಡಿದಿರಿ ಸಾರ್ ಅಂತ ಕೇಳಿದ್ದೇ ತಪ್ಪಾಯಿತು. ಬೆಳಕು ಬೀಳುವುದು, ಪ್ರತಿಫಲಿಸುವುದು, ಮೇಲ್ಮೈ ಹೊಳೆದಷ್ಟೂ ಪ್ಲೇಯರಿಗೆ ಓದಲು ಸಲೀಸಾಗುವುದು, ಇಷ್ಟನ್ನೂ ಅರ್ಧ ಗಂಟೆ ಬೋಧಿಸಿದರು. ಕೊನೆಯಲ್ಲಿ ತಿಳಿದದ್ದು ಇಷ್ಟು. ಡಿಸ್ಕನ್ನು ಹುಣಸೇಹಣ್ಣು ಹಾಕಿ ತಿಕ್ಕಿ, ಸಾಲದು ಅಂತ ತೆಂಗಿನ ನಾರಿನಲ್ಲಿ ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿದ್ದರು.

ಥಿಯರಿ ಸರಿ ಇದೆ ತಾನೆ ಅಂತ ಬೇರೆ ಕೇಳಿದರು. ಇಂಥವರ ಕೈಯಲ್ಲಿ ಪಾಸಾದ ಮಕ್ಕಳ ಗತಿ ನೆನೆದು ನನಗೆ ಮೈ ಉರಿಯಿತು. ಥಿಯರಿ ಸರಿ ಇದೆ ಸಾರ್, ಇನ್ನು ಅರಿಶಿನ ಕುಂಕುಮ ಹಚ್ಚಿ ಕಲಶದ ಪಕ್ಕದಲ್ಲಿಡಿ ಅಂದೆ. ಮೇಷ್ಟ್ರು ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾವ ಕಡೆಗೆ ಹಚ್ಚಬೇಕು?"

೩. ಸೀಮೆ ಬೇರೆ

ಶಿರಾದಿಂದ ಒಬ್ಬ ಬಟ್ಟೆ ಅಂಗಡಿ ಸಾಹೇಬರು ಹೊಸದಾಗಿ ಹೊಳೆಯುವ ಪ್ಲೇಯರು ತಂದಿದ್ದರು. ಅವರ ಹೆಂಡತಿಯ ತಮ್ಮ ದುಬೈಯಿಂದ ಕಳಿಸಿದ್ದು. ಇಲ್ಲಿಯ ಯಾವ ಡಿಸ್ಕು ಹಾಕಿದರೂ ಅದು ಉಗಿಯುತ್ತಿತ್ತು. ಕಂಪನಿಯವರು ಪ್ರಪಂಚವನ್ನು ಸೀಮೆ ಸೀಮೆ ಅಂತ ಹಂಚಿಕೊಂಡಿದ್ದಾರೆ, ಆ ಸೀಮೆಯ ಪ್ಲೇಯರಿಗೆ ಈ ಸೀಮೆಯ ಡಿಸ್ಕು ಆಗೋದಿಲ್ಲ ಅಂತ ಬಿಡಿಸಿ ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು. ಹೊರಗಿಂದ ಬಂದಿದ್ದೆಲ್ಲ ಚಿನ್ನ ಅಂತ ನಂಬುವವರಿಗೆ ಹೀಗೇ ಆಗಬೇಕು ಅಂತ ಒಂದು ಬಾಲವನ್ನೂ ಸೇರಿಸಿದೆ. ಸಾಹೇಬರಿಗೆ ಕೋಪ ಬರಲಿಲ್ಲ. ಪ್ಲೇಯರನ್ನು ಡಬ್ಬಕ್ಕೆ ವಾಪಸ್ ತುಂಬುತ್ತಾ ನಿಧಾನವಾಗಿ ಅಂದರು:

"ಬರೋಬರ್ ಹೇಳಿದ್ರಿ ಭಾಯ್. ಅಲ್ಲಿಗೆ ಹೋದ್ಮೇಲೆ ನಮ್ ಬಾಮೈದನಿಗೇ ನಮ್ ಮಾತು ಅರ್ಥ ಆಗ್ತಿಲ್ಲ. ಪಾಪ, ಅವನ್ ಕಳಿಸಿದ ಡಬ್ಬ ಏನ್ ಮಾಡ್ತದೆ?"

೪. ಬೋರ್ಡು ಬದಲಾದರೆ

ಶನಿವಾರ ಪಾವಗಡದ ಕಡೆಯ ಗುಮಾಸ್ತರೊಬ್ಬರು ಪೆನ್‌ಡ್ರೈವ್ ತಂದರು. ಕಂಪ್ಯೂಟರಿನಲ್ಲಿ ಓಡುವ ಸಿನಿಮಾಗಳು ಮನೆಯ ಡಿವಿಡಿ ಪ್ಲೇಯರಿನಲ್ಲಿ ಓಡುತ್ತಿಲ್ಲ. ಅವು ಹೊಸ ಜಾತಿಯ ಫೈಲುಗಳು, ಪ್ಲೇಯರು ಹಳೆಯದು, ಅದಕ್ಕೆ ಹಳೆಯ ಜಾತಿಯವು ಮಾತ್ರ ತಿಳಿಯುತ್ತವೆ. ಈ ಮಹಾನುಭಾವರು ಏನು ಮಾಡಿದ್ದರು ಅಂದರೆ, ಕೂತು ಒಂದೊಂದೇ ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ಅಳಿಸಿ, ಪ್ಲೇಯರಿಗೆ ಬೇಕಾದ ಮೂರು ಅಕ್ಷರ ಹಾಕಿದ್ದರು. "ಪೇರು ಮಾರ್ಚಿದೀನಿ ಕದಣ್ಣಾ, ಇನ್ನೇನು ಬೇಕಂತೆ ಇದಕ್ಕೆ?" ಅಂತ ತಮ್ಮ ಕಡೆಯ ಅರೆ ತೆಲುಗಿನಲ್ಲಿ ನನ್ನನ್ನೇ ದಬಾಯಿಸಿದರು.

ಹೆಸರು ಬದಲಾಯಿಸಿದರೆ ಒಳಗಿರುವುದು ಬದಲಾಗುತ್ತದಾ ಅಂತ ನಾನು ರೇಗಿದೆ. ಬಾಗಿಲಿಗೆ ಆಫೀಸರ ಬೋರ್ಡು ನೇತುಹಾಕಿದ ಮಾತ್ರಕ್ಕೆ ಒಳಗೆ ಕೂತ ಗುಮಾಸ್ತ ಆಫೀಸರನಾಗುತ್ತಾನಾ ಅಂತಲೂ ಕೇಳಿದೆ. ಅವರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡರು.

"ನಮ್ಮಾಫೀಸಲ್ಲಿ ಎರಡು ವರ್ಷದಿಂದ ಅಂಗೇ ನಡೀತಾ ಐತಲ್ಲಣ್ಣಾ."

೫. ಕತ್ತೆ ಸಿಕ್ಕಿತು

ಭಾನುವಾರ ಮಧ್ಯಾಹ್ನ ಯಜಮಾನರು ಬಂದರು. ಸಾಕ್ಷಿಗೆ ಅಂತ ಭಾವಮೈದನೂ ಬಂದಿದ್ದ, ಆದರೆ ಬೇರೆ ಬಸ್ಸಿನಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನನ್ನ ಮೇಜಿನ ಆಕಡೆ ಈಕಡೆ ಕೂತರು. ವಾರವೆಲ್ಲ ಇರುವ ಪ್ಲೇಯರುಗಳಲ್ಲೆಲ್ಲ ಹಾಕಿ ಸೋತಿದ್ದೆ. ಯಜಮಾನರು ನನ್ನ ಬಾಯನ್ನೇ ನೋಡುತ್ತಿದ್ದರು. ಪಾಪ ಅನ್ನಿಸಿತು. ಆಗ ಅಟ್ಟದ ಮೇಲಿದ್ದ ಒಂದು ಹಳೆಯ ಡಿವಿಡಿ ಬರೆಯುವ ಮಿಷನ್ನು ನೆನಪಾಯಿತು. ಕೊರಟಗೆರೆಯ ಸ್ಟುಡಿಯೋ ಮುಚ್ಚಿದಾಗ ಹೊತ್ತು ತಂದಿದ್ದು. ಇಳಿಸಿ, ಧೂಳು ಹೊಡೆದು, ಡಿಸ್ಕು ಹಾಕಿದೆ. ಅದು ಒಂದು ಸಲ ಗೊರಗುಟ್ಟಿತು, ಆಮೇಲೆ ಟಿವಿಯಲ್ಲಿ ನಾಟಕದ ಪರದೆ ಕಾಣಿಸಿತು.

ನಾನು ಉಬ್ಬಿಹೋದೆ. ನಾಲ್ಕು ತಾಲ್ಲೂಕಿನಲ್ಲಿ ಇದನ್ನು ಓಡಿಸುವ ಗಂಡು ನಾನೊಬ್ಬನೇ ಅಂತ ಇಬ್ಬರಿಗೂ ಹೇಳಿದೆ. ಈ ಒಂದೇ ಮಿಷನ್ನಿನಲ್ಲಿ ಯಾಕೆ ಓಡಿತು ಅಂತ ಯೋಚಿಸುವಷ್ಟು ಬುದ್ಧಿ ನನಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಪರದೆ ಎದ್ದಿತು. ಪಾತ್ರಧಾರಿಗಳು ಬಾಯಿ ಆಡಿಸಿದರು, ಆದರೆ ಕೇಳಿಸಿದ್ದು ನಾಗಸ್ವರ. ಮಾತೆಲ್ಲ ಅಳಿಸಿ, ನಾಟಕದ ಉದ್ದಕ್ಕೂ ಮದುವೆಯ ವಾದ್ಯ ಹಾಕಿದ್ದರು. ಹೋಗಲಿ, ತುಟಿ ನೋಡಿಯಾದರೂ ಗೊತ್ತಾಗುತ್ತೆ ಅಂತ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಸ್ಥಾನದ ಸೀನು ಬಂತು. ಕಿರೀಟ ತೊಟ್ಟ ಯಜಮಾನರು ಗದೆ ಊರಿ ನಿಂತರು. ಭಾವ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ ಅಂತ ಕುರ್ಚಿಯಲ್ಲಿದ್ದ ಭಾವಮೈದ ಬೆರಳಲ್ಲಿ ಎಣಿಸತೊಡಗಿದ. ಅಷ್ಟರಲ್ಲಿ ರಾಜನ ಮುಖದ ಮೇಲೆ ಒಂದು ದೊಡ್ಡ ಗುಲಾಬಿ ಅರಳಿತು. ಅದರ ಎಸಳು ಉದುರಿದ ಮೇಲೆ ನೋಡಿದರೆ ರಾಜ, ಮಂತ್ರಿ ಇಬ್ಬರೂ ಒಂದು ಕೆಂಪು ಹೃದಯದೊಳಗೆ ಎದುರುಬದುರು ನಿಂತು ಗಿರಗಿರ ತಿರುಗುತ್ತಿದ್ದರು. ಕೆಳಗೆ 'ಶುಭವಿವಾಹ' ಅಂತ ಅಕ್ಷರ ಮೂಡಿತು, ಗಟ್ಟಿಮೇಳ ಮೊಳಗಿತು. ಹೃದಯ ಸರಿಯುವ ಹೊತ್ತಿಗೆ ಸೀನೇ ಮುಗಿದಿತ್ತು.

ರಾಜ ಗುಡುಗಿದನೋ ಮರೆತನೋ, ಆ ಗುಲಾಬಿಗೇ ಗೊತ್ತು. ಯಜಮಾನರ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. ಇಷ್ಟು ವರ್ಷ ಟವೆಲಿನಲ್ಲಿ ಸುತ್ತಿ ಕಾಪಾಡಿದ್ದು ಇದಕ್ಕಾ ಅಂತ ನನಗೇ ರೇಗಿಹೋಯಿತು. ಬಾಯಿಗೆ ಬಂದಂತೆ ಬೈದೆ. ನಾಟಕಕ್ಕೂ ಮದುವೆಗೂ ವ್ಯತ್ಯಾಸ ತಿಳಿಯದ ಕತ್ತೆ, ಇಂಥವನ ಕೈಗೆ ಮಿಷನ್ನು ಕೊಟ್ಟವರನ್ನು ಮೊದಲು ಹಿಡಿದು ಕೇಳಬೇಕು ಅಂದೆ. ನನ್ನ ಬೈಗುಳ ಮುಗಿಯುವುದಕ್ಕೂ ನಾಟಕ ಮುಗಿಯುವುದಕ್ಕೂ ಸರಿಹೋಯಿತು.

ಟಿವಿಯಲ್ಲಿ 'ಮಿಕ್ಸಿಂಗ್ ಮತ್ತು ಎಫೆಕ್ಟ್ಸ್' ಅಂತ ಬಂತು. ಅದರ ಕೆಳಗೆ ಮತ್ತೊಂದು ಗುಲಾಬಿ ಅರಳಿತು. ಗುಲಾಬಿಯ ನಡುವೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಗಲ್ಲಕ್ಕೆ ಕೈ ಕೊಟ್ಟುಕೊಂಡು, ತಲೆಯಲ್ಲಿ ಕೂದಲಿದ್ದ ಕಾಲದ ನಾನು ನಗುತ್ತಿದ್ದೆ.

ವೈರು ಕೀಳೋಕೆ ಕೈ ಚಾಚಿದೆ. ಭಾವಮೈದ ನನ್ನ ಕೈ ಹಿಡಿದುಕೊಂಡ. ಇಬ್ಬರೂ ಒಂದು ಸಲ ಟಿವಿ ನೋಡಿದರು, ಒಂದು ಸಲ ನನ್ನ ಬೋಳುತಲೆ ನೋಡಿದರು. ಆಮೇಲೆ, ಅಂಗಡಿಗೆ ಬಂದ ಮೇಲೆ ಮೊದಲನೇ ಸಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಭಾವಮೈದನ ಹೆಗಲ ಮೇಲೆ ಕೈ ಹಾಕಿದರು.

"ನಡಿಯಲಾ ಹೋಗನ. ಮೊದಲ್ನೇ ದಿನ ನಾನು ರಾಜ, ಎರಡ್ನೇ ದಿನ ನೀನು ರಾಜ. ಆಯ್ತಾ?"

"ಆಗ್ಲಿ ಬುಡು ಭಾವ. ಕತ್ತೆ ಪಾರ್ಟು?"

"ಅದಕ್ಯಾವ ತಕರಾರೂ ಇಲ್ಲ ಕಣ್ಲಾ. ಎರಡು ದಿನಾನೂ ಇವನ್ದೇ."