ಕರಡಿಗುಡ್ಡಕ್ಕೆ ಹೋಗದಿರುವ ಯೋಜನೆ

ಎಲ್ಲಿಗಾದರೂ ಹೋಗಲೇಬಾರದೆಂದು ಗಟ್ಟಿಯಾಗಿ ತೀರ್ಮಾನಿಸಿದವನು ಮಾಡಬೇಕಾದ ಮೊದಲ ಕೆಲಸವೆಂದರೆ ಅಲ್ಲಿಗೆ ಹೋಗಲು ಯೋಜನೆ ಹಾಕುವುದು. "ಬರಲಾರೆ" ಎಂದು ಬಾಯಿಬಿಟ್ಟು ಹೇಳಿದರೆ ಜನ ಬಿಡುವುದಿಲ್ಲ. ಕಾರಣ ಕೇಳುತ್ತಾರೆ, ಕೈಹಿಡಿದು ಎಳೆಯುತ್ತಾರೆ, ಮನೆಯವರೆಗೆ ಬಂದು ಚಹಾ ಕುಡಿದು ಒಪ್ಪಿಸಿಯೇ ಎದ್ದು ಹೋಗುತ್ತಾರೆ. ಅದೇ "ಆಹಾ, ಹೋಗೋಣ, ಆದರೆ ಸರಿಯಾಗಿ ಪ್ಲಾನ್ ಮಾಡಿ ಹೋಗೋಣ" ಎಂದು ನೋಡಿ. ಎಲ್ಲರ ಮುಖದಲ್ಲೂ ಸಮಾಧಾನ ಮೂಡುತ್ತದೆ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಈ ವಿದ್ಯೆಯಲ್ಲಿ ದೇಶದ ದೊಡ್ಡ ದೊಡ್ಡವರು ನನಗಿಂತ ಬಹಳ ಮುಂದಿದ್ದಾರೆಂದು ವಿನಯದಿಂದ ಒಪ್ಪುತ್ತೇನೆ. ಹಾನಗಲ್ ತಾಲೂಕಿನ ಮಟ್ಟಿಗೆ ಮಾತ್ರ ನನ್ನನ್ನು ಮೀರಿಸಿದವರಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ನಿತ್ಯಹರಿದ್ವರ್ಣ, ಎಲೆ ಉದುರುವ, ಕುರುಚಲು ಎಂದು ಅರಣ್ಯದ ವಿಧಗಳನ್ನೆಲ್ಲ ಕಣ್ಣುಮುಚ್ಚಿ ಹೇಳಬಲ್ಲೆ. ಕಣ್ಣುಮುಚ್ಚಿಯೇ ಹೇಳಬೇಕು, ಏಕೆಂದರೆ ಕಣ್ಣುಬಿಟ್ಟು ಅವುಗಳಲ್ಲಿ ಒಂದನ್ನೂ ನೋಡಿದವನಲ್ಲ. ನಮ್ಮ ಊರಿನಿಂದ ಪಶ್ಚಿಮಕ್ಕೆ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಕಾಡು ಶುರುವಾಗುತ್ತದೆ. ಆ ಕಾಡಿನ ನಡುವೆ ಕರಡಿಗುಡ್ಡವೆಂಬ ಗುಡ್ಡವಿದೆ. ಅದರಲ್ಲಿ ಕರಡಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅದರ ತುದಿಯಲ್ಲಿ ಒಂದು ಜಲಪಾತವಿದೆಯೆಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ.

ಹೇಳದೆ ಏನು ಮಾಡಲಿ? ಹಂಸಭಾವಿಗೆ ಹೆಣ್ಣು ನೋಡಲು ಹೋಗಿದ್ದಾಗ ಹುಡುಗಿಯ ಅಪ್ಪ, ಅವಲಕ್ಕಿ ತಟ್ಟೆ ಮುಂದಿಟ್ಟು, "ಸಾಲಿ ಬಿಟ್ಟ ಮ್ಯಾಲ ಹೊತ್ತು ಹೆಂಗ ಕಳೀತೀರಿ?" ಎಂದು ಕೇಳಿದರು. ಮಲಗಿ ಕಳೆಯುತ್ತೇನೆ ಎನ್ನಲು ನಾಲಿಗೆ ಬರಲಿಲ್ಲ. ಬಾಗಿಲ ಮರೆಯಲ್ಲಿ ಹಸಿರು ಸೀರೆಯ ಸೆರಗು ಕಾಣುತ್ತಿತ್ತು. "ಕಾಡು ಸುತ್ತತೇನ್ರಿ" ಎಂದುಬಿಟ್ಟೆ. ಯಾವ ಕಾಡು ಎಂದರು. ಕರಡಿಗುಡ್ಡ ಎಂದೆ. ಎಷ್ಟು ದೂರ ನಡೆಯಬೇಕು ಎಂದರು. ಹೋಗಿ ಬರಲು ಹನ್ನೆರಡು ಕಿಲೋಮೀಟರ್ ಎಂದೆ. ಮೇಲೆ ಏನಿದೆ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಡೆಯುತ್ತಿತ್ತು. ಆದರೆ ಸೆರಗು ಅಲುಗಾಡಿದಂತಾಯಿತು. ಮೂರು ಮೆಟ್ಟಿಲಾಗಿ ಧುಮುಕುವ ಜಲಪಾತವನ್ನೂ, ಅದರ ಬುಡದಲ್ಲಿ ವರ್ಷವಿಡೀ ಬೆನ್ನು ಒದ್ದೆಯಾಗಿಯೇ ಇರುವ ಕಲ್ಲು ಬಸವಣ್ಣನನ್ನೂ ಕುಳಿತಲ್ಲೇ ಸೃಷ್ಟಿಸಿದೆ. ಮದುವೆ ಆಯಿತು. ಗಿರಿಜಾ ಮನೆಗೆ ಬಂದಳು. ಅವಳ ಹಿಂದೆ ಜಲಪಾತವೂ ಬಂತು.

ಒಮ್ಮೆ ಹೇಳಿದ ಸುಳ್ಳನ್ನು ಕೈಬಿಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಮನೆಗೆ ಬಂದ ನೆಂಟರಿಗೆ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಎಂಟನೆಯ ತರಗತಿಗೆ ಪಾಠದ ನಡುವೆ ಹೇಳಿದೆ. "ನಮ್ಮನ್ನ ಯಾವಾಗ ಕರ್ಕೊಂಡ ಹೊಕ್ಕೀರಿ?" ಎಂದು ಗಿರಿಜಾ ಮೊದಮೊದಲು ಕೇಳುತ್ತಿದ್ದಳು. ಈಗ ಅಲ್ಲಿ ಬಿಡುವುದಿಲ್ಲ, ಅದು ಕಾಯ್ದಿಟ್ಟ ಅರಣ್ಯ, ಹೋದವರನ್ನು ಹಿಡಿದು ಒಳಗೆ ಹಾಕುತ್ತಾರೆ ಎಂದು ನಾನು ಕಾನೂನಿನ ಹಿಂದೆ ಅಡಗಿದೆ. ಕಾನೂನಿನಿಂದ ನನಗಾದಷ್ಟು ಉಪಕಾರ ಈ ದೇಶದಲ್ಲಿ ಇನ್ನಾರಿಗೂ ಆಗಿರಲಾರದು.

ಆ ಕಾನೂನೇ ಮೊನ್ನೆ ದಸರೆಯ ಹೊತ್ತಿಗೆ ಕೈಕೊಟ್ಟಿತು. ಶಿಗ್ಗಾಂವಿಯಿಂದ ನಮ್ಮ ಶಾಲೆಗೆ ಬಂದುಹೋಗುವ ಪಿ.ಟಿ. ಮಾಸ್ತರ ಪಾಟೀಲ, ಸ್ಟಾಫ್ ರೂಮಿನೊಳಗೆ ಹೆಚ್ಚುಕಡಿಮೆ ಹಾರಿಯೇ ಬಂದ. "ಸರ್ರ, ನಿಮ್ಮ ಕರಡಿಗುಡ್ಡಕ್ಕ ಜನಾ ಬಿಡಾಕತ್ತಾರ! ಕಾಲುದಾರಿ ಮಾಡ್ಯಾರಂತ. ನಡೀರಿ, ನೀವ ನಮಗ ಗೈಡು!" ಎಂದು ಫೋನನ್ನು ನನ್ನ ಮೂಗಿಗೆ ಹಿಡಿದ. ಅದರಲ್ಲಿ ದಾರಿಯ ನಕ್ಷೆಯೂ ಇತ್ತು. ಭೂಗೋಳದ ಮಾಸ್ತರನಲ್ಲವೇ, ನಕ್ಷೆ ಓದಲು ಬರುತ್ತದೆ. ಗೇಟು, ಕಾಲುದಾರಿ, ಗುಡ್ಡದ ನೆತ್ತಿಯಲ್ಲಿ ಒಂದು ವೀಕ್ಷಣಾ ಗೋಪುರ. ಬೆರಳಲ್ಲಿ ಎಳೆದು ದೊಡ್ಡದು ಮಾಡಿ ಮಾಡಿ ನೋಡಿದೆ. ನೆತ್ತಿಯ ಸುತ್ತ ನಾಲ್ಕು ದಿಕ್ಕಿಗೂ ಒಂದು ಹನಿ ನೀಲಿ ಬಣ್ಣವಿರಲಿಲ್ಲ. ಫೋನನ್ನು ಅವನ ಕೈಗೆ ಕೊಟ್ಟೆ. "ಹೋಗೂನು ಪಾಟೀಲ್ರ," ಎಂದೆ, "ಆದರ ಪ್ಲಾನ್ ಮಾಡಿ ಹೋಗೂನು."

ಹೀಗೆ ನಮ್ಮ ಸಮಿತಿ ಹುಟ್ಟಿತು. ನಾನು, ಪಾಟೀಲ, ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ನನ್ನ ಹಳೆಯ ಸಹಪಾಠಿ ಖಾದರ್ ಸಾಬ್, ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಬಸಣ್ಣ. ಬಸಣ್ಣ ಗಿರಿಜೆಯ ತವರಿನ ಕಡೆಯ ಪರಿಚಯ. ನಾಲ್ವರೂ ಒಂದೊಂದು ಊರಿನವರಾದ್ದರಿಂದ ಪ್ರತಿ ಭಾನುವಾರ ಬಂಕಾಪುರದ ಕೋಟೆಯ ಹತ್ತಿರದ ಚಹಾದಂಗಡಿಯಲ್ಲಿ ಸೇರುವುದೆಂದಾಯಿತು. ಹಿರೇಕೆರೂರಿನಿಂದ ಬಸಣ್ಣನಿಗೆ ಅದು ಬಹಳ ದೂರ. ಆ ಕಾರಣಕ್ಕೇ ನಾನು ಅದನ್ನು ಸೂಚಿಸಿದ್ದು. ಬೇಸತ್ತು ಬಿಟ್ಟುಬಿಡುತ್ತಾನೆಂದುಕೊಂಡಿದ್ದೆ. ಆದರೆ ಆ ಅಂಗಡಿಯ ಮಂಡಕ್ಕಿ ಗಿರಮಿಟ್ಟು, ಮಿರ್ಚಿ ಭಜಿ ನನ್ನ ಲೆಕ್ಕಾಚಾರ ಕೆಡಿಸಿದವು. ಬಸಣ್ಣ ಎಲ್ಲರಿಗಿಂತ ಮೊದಲು ಬಂದು ಬೆಂಚು ಹಿಡಿಯತೊಡಗಿದ.

ಮೊದಲ ಭಾನುವಾರ ಮಳೆ ಇನ್ನೂ ಮುಗಿದಿಲ್ಲ, ದಾರಿ ಜಾರುತ್ತದೆ ಎಂದೆ. ಎರಡನೆಯ ವಾರ ಮಳೆ ನಿಂತಿತು, ಉಂಬಳದ ಕಾಟವೆಂದೆ. ರಕ್ತ ಹೀರುವ ಹುಳುವಿನ ವರ್ಣನೆಯನ್ನು ಮಿರ್ಚಿ ತಿನ್ನುವ ಹೊತ್ತಿನಲ್ಲೇ ಮಾಡಿದರೂ ಯಾರೂ ತಟ್ಟೆ ಬಿಡಲಿಲ್ಲ. ಆಮೇಲೆ ದಿನ ಗೊತ್ತುಮಾಡುವ ಪ್ರಶ್ನೆ. ಶುಕ್ರವಾರ ಖಾದರನಿಗೆ ಆಗದು, ಸೋಮವಾರ ಬಸಣ್ಣನಿಗೆ ಆಗದು, ಅಮಾವಾಸ್ಯೆಯಂದು ಹೋಗಬಾರದು, ಹಿಂದಿನ ದಿನವೂ ಒಳ್ಳೆಯದಲ್ಲ, ಸಂತೆಯ ದಿನ ಅಂಗಡಿ ಬಿಡಲಾಗದು, ಉಳಿದ ದಿನ ಶಾಲೆ. ಭಾನುವಾರ ಖಾಲಿಯಿತ್ತು ನಿಜ. ಆದರೆ ಭಾನುವಾರ ಯೋಜನೆಯ ಸಭೆ ಇರುತ್ತಿತ್ತಲ್ಲ!

ಆದರೂ ನನ್ನನ್ನು ನಿಜವಾಗಿ ಕಾಪಾಡಿದ್ದು ಬುತ್ತಿ. ನಮ್ಮ ಸೀಮೆಯ ಮನುಷ್ಯ ನೆರೆಯೂರಿಗೆ ಹೊರಟರೂ ರೊಟ್ಟಿ ಗಂಟು ಹಿಡಿದು ಹೊರಡುವವನು. ಕಾಡಿಗೆ ಬರಿಗೈಯಲ್ಲಿ ಹೋದಾನೆಯೇ? ಒಂದು ಸಂಜೆ ನಾನು ಸುಮ್ಮನೆ, ಏನೂ ಅರಿಯದವನಂತೆ, "ಅಲ್ರೀ, ಬುತ್ತಿ ಏನು?" ಎಂದೆ. ಮುಂದಿನ ಮೂರು ಭಾನುವಾರ ನಾನು ಬಾಯಿ ತೆರೆಯಬೇಕಾಗಲಿಲ್ಲ.

"ಖಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮಸರನ್ನ. ಇಷ್ಟ ಸಾಕು, ಹಗರ ಆಗೂದು," ಎಂದ ಬಸಣ್ಣ.

"ನಮ್ಮ ಮನ್ಯಾಗಿಂದ ಒಂದು ದೇಗ್ಚಿ ಬಿರ್ಯಾನಿ ಬರ್ತೈತಿ. ಅದರ ಫಿಕರ್ ಬಿಡ್ರಿ, ಇಂತಜಾಮ್ ನಂದು," ಎಂದ ಖಾದರ್.

"ನಿನ್ನ ದೇಗ್ಚಿ ನನ್ನ ರೊಟ್ಟಿ ಬಾಜೂಕ ಬರೂದು ಬ್ಯಾಡಪಾ."

"ಬಾಜೂಕ ಯಾಕ ಬರ್ತೈತಿ? ನಿನಕಿಂತ ಮುಂದ ಹೊಕ್ಕೈತಿ. ನಿನ್ನ ನಡಿಗಿ ನೋಡೇನಿ ನಾ."

ದೇಗ್ಚಿಯನ್ನು ಗುಡ್ಡದ ಮೇಲೆ ಹೊರುವವರಾರು ಎಂಬಲ್ಲಿ ಚರ್ಚೆ ನಿಂತಿತು. ಎಲೆಯ ಬುಟ್ಟಿ ಸಾಗಿಸುವ ತನ್ನ ಟೆಂಪೊವನ್ನೇ ಮೇಲಿನವರೆಗೆ ಬಿಡಲು ಪರವಾನಗಿ ಕೇಳೋಣವೆಂದ ಖಾದರ್. "ಟೆಂಪೊ ಹೋಗೂದಿದ್ರ ನಾವ್ಯಾಕ ನಡೀಬೇಕು?" ಎಂದು ಪಾಟೀಲ ತಲೆ ಚಚ್ಚಿಕೊಂಡ. ಪಾಪ, ಅವನೊಬ್ಬನಿಗೇ ನಿಜವಾಗಿ ನಡೆಯುವ ಆಸೆಯಿತ್ತು. ಕೋಟೆಯೊಳಗಿನ ನವಿಲುಗಳು ಆಗ ಒಟ್ಟಾಗಿ ಕೂಗಿದವು. ನಾನು ಇನ್ನೊಂದು ಸುತ್ತು ಚಹಾ ಹೇಳಿದೆ.

ನನ್ನ ಮೇಲೆ ಅನುಮಾನ ಬರಬಾರದೆಂದು ಮನೆಯಲ್ಲಿ ಕುಳಿತು ಡ್ರಾಯಿಂಗ್ ಹಾಳೆಯಲ್ಲಿ ದೊಡ್ಡ ನಕ್ಷೆ ಬರೆದೆ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಕೂರಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಿ ತಿರುಗಬೇಕು, ಎಲ್ಲವೂ ಅದರಲ್ಲಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಸರ್ಕಾರಿ ಸಂಬಳಕ್ಕೂ ಮಾಡಿದವನಲ್ಲ. ಜಲಪಾತವನ್ನು ಮಾತ್ರ ಎಲ್ಲಿ ತೋರಿಸಬೇಕೆಂದು ತಿಳಿಯದೆ, ಅದಿರಬೇಕಾದ ಜಾಗದಲ್ಲಿ ದಿಕ್ಕು ಸೂಚಿಸುವ ಬಾಣ ಬರೆದು ಮುಚ್ಚಿದೆ. ಮೇಜಿನ ಮೇಲೆ ಹರಡಿದ್ದ ಹಾಳೆಯನ್ನು ಗಿರಿಜಾ ಬಹಳ ಹೊತ್ತು ನೋಡಿದಳು. "ಛಲೋ ಮಾಡೀರಿ," ಎಂದಳು. ನನಗೆ ಹೆಮ್ಮೆಯೂ ಆಯಿತು. ನನ್ನಂಥ ಮೂರ್ಖರಿಗೆ ಹೆಮ್ಮೆ ಬಹಳ ಬೇಗ ಬರುತ್ತದೆ.

ಗಿರಿಜಾ ಆ ಹಾಳೆಯನ್ನು ತನ್ನ ಭಜನಾ ಮಂಡಳಿಗೆ ತೋರಿಸಿದಳು. ಬುಧವಾರ ತೋರಿಸಿದಳು, ಭಾನುವಾರ ಹೊರಟುಬಿಟ್ಟರು, ಏಳು ಜನ ಹೆಂಗಸರು. ಸಮಿತಿಯಿಲ್ಲ, ಮಿರ್ಚಿಯಿಲ್ಲ. ಒಬ್ಬೊಬ್ಬರು ನಾಲ್ಕು ರೊಟ್ಟಿ ಕೈಚೀಲಕ್ಕೆ ಹಾಕಿಕೊಂಡರೆ ಬುತ್ತಿಯ ಪ್ರಶ್ನೆ ಮುಗಿಯಿತು. ಟೆಂಪೊ ಯಾರದೆಂದು ಕೇಳಿ: ಖಾದರ್ ಸಾಬನದು! "ಅಕ್ಕಾರು ಕೇಳಿದ್ರು, ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲೋ ಮಾರಾಯಾ," ಎಂದು ಫೋನಿನಲ್ಲಿ ನಕ್ಕ ಆ ದ್ರೋಹಿ.

ಶನಿವಾರ ಸಂಜೆ ಗಿರಿಜಾ, "ನೀವೂ ಬರ್ರಿ, ದಾರಿ ತೋರಸ್ರಿ," ಎಂದಾಗ ನನ್ನ ಎಡ ಮೊಣಕಾಲು ಕೂಡಲೇ ಊದಿಕೊಂಡಿತು. ಅವಳು ಮೊಣಕಾಲನ್ನು ನೋಡಿದಳು, ಮುಖವನ್ನು ನೋಡಿದಳು. "ಇರ್ಲಿ ಬಿಡ್ರಿ. ನೀವು ನೋಡಿದ ಜಾಗಾನ ಅಲ್ಲೇನು," ಎಂದು ರೊಟ್ಟಿ ಬಡಿಯಲು ಹೋದಳು.

ಆ ಭಾನುವಾರವನ್ನು ಹೇಗೆ ಕಳೆದೆನೆಂದು ಕೇಳಬೇಡಿ. ಅವಳು ಗೇಟು ದಾಟಿರಬಹುದು ಎಂಬ ಹೊತ್ತಿಗೆ ಚಹಾ ಕಹಿಯಾಯಿತು. ನೆತ್ತಿ ತಲುಪಿರಬಹುದು ಎಂಬ ಹೊತ್ತಿಗೆ ಊಟ ಸೇರಲಿಲ್ಲ. ಜಲಪಾತ ಬತ್ತಿತೆಂದು ಹೇಳಲೇ? ಬತ್ತಿದರೆ ಬಂಡೆಯಾದರೂ ಇರಬೇಕಲ್ಲ. ಬಸವಣ್ಣನನ್ನು ಕದ್ದೊಯ್ದರೆಂದು ಹೇಳಲೇ? ನಗು ಬರುವ ಮಾತಲ್ಲ, ನನಗೆ ನಿಜಕ್ಕೂ ಭಯವಾಗಿತ್ತು. ಊರು ನಕ್ಕರೆ ನಗಲಿ, ವರ್ಗಾವಣೆ ಕೇಳಿಕೊಂಡು ಹೋಗಬಹುದು. ಆದರೆ ಗಿರಿಜಾ ನನ್ನ ಮುಖ ನೋಡಿ, ಇವನು ಹೇಳಿದ್ದರಲ್ಲಿ ಇನ್ನೆಷ್ಟು ಹೀಗಿದೆಯೋ ಎಂದು ಯೋಚಿಸಿಬಿಟ್ಟರೆ? ಆ ನೋಟದಿಂದ ಎಲ್ಲಿಗೆ ವರ್ಗಾವಣೆ ಕೇಳಲಿ?

ಸಂಜೆ ಟೆಂಪೊ ಬಂತು. ಅವರ ಹಿಂದೆಯೇ ವರದಿ ಕೇಳಲು ಪಾಟೀಲನೂ ಬಸಣ್ಣನೂ ಬಂದಿಳಿದರು. ಓಣಿಯ ನಾಲ್ಕು ಜನ ನಮ್ಮ ಕಟ್ಟೆಯ ಮೇಲೆ ಕುಳಿತರು. ಗೇಟಿನ ಹೊರಗೆ ದಿನವಿಡೀ ನಿದ್ದೆ ಮಾಡಿದ್ದ ಖಾದರ್ ಎಲ್ಲರಿಗಿಂತ ದಣಿದವನಂತೆ ನೀರು ಕೇಳಿದ. ಉಳಿದ ಆರು ಜನ ಅರ್ಧ ದಾರಿಯಲ್ಲೇ ಬುತ್ತಿ ಬಿಚ್ಚಿ ಹಾಡುತ್ತ ಕುಳಿತರಂತೆ. ಅರಣ್ಯದ ಕಾವಲುಗಾರನೊಂದಿಗೆ ನೆತ್ತಿಯವರೆಗೆ ಹತ್ತಿದವಳು ಗಿರಿಜಾ ಒಬ್ಬಳೇ. ನಾನು ಕಂಬಕ್ಕೆ ಒರಗಿ ನಿಂತೆ. ಪಾಟೀಲ ಕೇಳಿಯೇಬಿಟ್ಟ: "ಅಕ್ಕಾರ, ಜಲಪಾತ ಹೆಂಗೈತ್ರಿ?"

ಗಿರಿಜಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಏನ್ ಹೇಳ್ಲಿರೀ, ಹೇಳಾಕ ಬಾಯಿ ಸಾಲಂಗಿಲ್ಲ. ಮೂರು ಮೆಟ್ಲಿಲೆ ಧೋ ಅಂತ ಬೀಳತೈತಿ. ಬುಡಕ ಬಸವಣ್ಣ ಅದಾನ, ಬೆನ್ನು ಹಸೀನ ಐತಿ. ಕೊಳ್ಳಾಗ ಗೆಜ್ಜಿ ಸರಾ ಕೆತ್ಯಾರ, ಅದನ್ನ ಇವರು ನಮಗ ಹೇಳಿದ್ದಿಲ್ಲ ನೋಡ್ರಿ."

"ಫೋಟೋ ತಗದಿಲ್ಲೇನ್ರಿ?" ಎಂದ ಬಸಣ್ಣ.

"ಅಂಥಾ ನೀರು ಕಣ್ಣ ಮುಂದಿದ್ದಾಗ ಫೋನ್ ಯಾರ ನೆನಪ ಮಾಡ್ಕೋತಾರಪಾ?" ಎಂದವಳು ನನ್ನ ಕಡೆ ತಿರುಗಿ, "ಗೆಜ್ಜಿ ಸರಾ ಇತ್ತಲ್ರೀ?" ಎಂದು ಕೇಳಿದಳು. "ಇತ್ತು" ಎಂದೆ. ಧ್ವನಿ ನನ್ನದೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಎಲ್ಲರೂ ಹೋದ ಮೇಲೆ ಅವಳು ಕೈಕಾಲು ತೊಳೆದು ತಟ್ಟೆಗೆ ಬಡಿಸಿದಳು. ಪಲ್ಯ ಹಾಕುತ್ತ, ತಲೆಯೆತ್ತದೆ, "ಗೋಪುರದ ಮ್ಯಾಲಿಂದ ಎಲ್ಲಾ ಕಾಣಸ್ತೈತ್ರಿ. ನಮ್ಮ ಊರ ಕೆರಿ ಸುದ್ಧಾ ಕಂಡಂಗಾತು. ಗುಡ್ಡದ ಮ್ಯಾಲ ಮಾತ್ರ ಒಂದು ಹನಿ ನೀರಿಲ್ಲ," ಎಂದಳು. ನನಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು. ತಪ್ಪಾಯಿತು ಎಂದೆ. ಇಪ್ಪತ್ತಾರು ವರ್ಷ ನಿನಗೆ ಮೋಸ ಮಾಡಿದೆ ಎಂದೆ.

"ಯಾರಿಗೆ ಮೋಸ?" ಎಂದು ಅವಳು ನಕ್ಕುಬಿಟ್ಟಳು. "ನಮ್ಮ ಸಣ್ಣ ಕಾಕಾ ಅದ ಅಡಿವ್ಯಾಗ ಗಾರ್ಡ್ ಇದ್ರು. ನೀವು ನೋಡಾಕ ಬಂದಾಗ ಅಲ್ಲೇ ಮೂಲ್ಯಾಗ ಕುಂತಿದ್ರು. ನೀವು ಬಸ್ ಹತ್ತಿದ ಕೂಡ್ಲೇ ಹೇಳಿದ್ರು, ಅಲ್ಲಿ ಜಲಪಾತನೂ ಇಲ್ಲ ಏನೂ ಇಲ್ಲ, ಹುಡುಗ ಗುಡ್ಡಾ ನೋಡೇ ಇಲ್ಲ ಅಂತ."

"ಮತ್ತ ನಿಮ್ಮ ಮನ್ಯಾಗ ಯಾಕ ಒಪ್ಪಿದ್ರು?"

"ಅವ್ವ ಒಪ್ಪಿಸಿದ್ಲು. ಹನ್ನೆರಡು ಕಿಲೋಮೀಟರ್ ನಡದೇನಿ ಅಂತ ಸುಳ್ಳು ಹೇಳಾಂವ ಹೆಂಡ್ತಿ ಬಿಟ್ಟು ಎಲ್ಲೂ ಓಡಿ ಹೋಗಂಗಿಲ್ಲ, ಕೊಟ್ಟುಬಿಡ್ರಿ ಅಂದ್ಲು."

ಆ ಗಳಿಗೆಯಲ್ಲಿ ಎದ್ದು ಎಲ್ಲಿಗಾದರೂ ಓಡಿಹೋಗಿ ಅತ್ತೆಯವರ ಮಾತನ್ನು ಸುಳ್ಳು ಮಾಡಬೇಕೆನ್ನಿಸಿತು. ಆದರೆ ಅದಕ್ಕೆ ಬಸ್ ಸ್ಟ್ಯಾಂಡಿನವರೆಗಾದರೂ ನಡೆಯಬೇಕಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.